ಮೈನಸ್ ಪವರ್ ಇರುವವರು ಒಂದು ಕಣ್ಣಿನ ಪೊರೆ ತೆಗೆಸುವ ಮೊದಲು ಇದನ್ನು ಓದಿ

ನಿಮ್ಮ ಮನೆಯಲ್ಲಿ ಯಾರಿಗಾದರೂ ದಪ್ಪ ಗಾಜಿನ ಮೈನಸ್ ಕನ್ನಡಕ ಇದೆಯಾ? ಅವರಿಗೆ ಪೊರೆ ಆಪರೇಷನ್ ನಿಗದಿಯಾಗಿದ್ದರೆ ಡಾಕ್ಟರ ಹತ್ತಿರ ಮೊದಲೇ ಕೇಳಿ: "ಈ ಕಣ್ಣಿಗೆ ಆದಮೇಲೆ ಎಷ್ಟು ಪವರ್ ಉಳಿಯುತ್ತೆ? ಇನ್ನೊಂದು ಕಣ್ಣಿಗೆ ಯಾವಾಗ ಮಾಡ್ತೀರಿ?" ನಮ್ಮ ಅಮ್ಮನಿಗೆ ಈ ವಿಷಯವನ್ನು ಯಾರೂ ಹೇಳಲಿಲ್ಲ.

ಅಮ್ಮ ಇರುವುದು ತೀರ್ಥಹಳ್ಳಿಯಿಂದ ಒಳಗೆ, ತೋಟದ ಮನೆಯಲ್ಲಿ. ಎರಡೂ ಕಣ್ಣಿಗೆ ಹೆಚ್ಚುಕಡಿಮೆ ಮೈನಸ್ 8. ಬಲಗಣ್ಣಿಗೆ ಪೊರೆ ಜಾಸ್ತಿಯಾಗಿ ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿದೆವು. ಆಪರೇಷನ್ ಕೆಟ್ಟಿತು ಅಂತ ನಾನು ಹೇಳುತ್ತಿಲ್ಲ. ಪಟ್ಟಿ ಬಿಚ್ಚಿದಾಗ ದೂರದ ಬೋರ್ಡನ್ನು ಕನ್ನಡಕ ಇಲ್ಲದೆ ಓದಿದಳು. ತೊಂದರೆ ಶುರುವಾಗಿದ್ದು ಮನೆಗೆ ಬಂದ ಮೇಲೆ.

ಪೊರೆ ತೆಗೆದ ಜಾಗಕ್ಕೆ ಕಣ್ಣಿನ ಒಳಗೆ ಹಾಕಿದ ಲೆನ್ಸಿನಿಂದ ಬಲಗಣ್ಣಿನ ಪವರ್ ಸೊನ್ನೆಗೆ ಬಂದಿತ್ತು. ಎಡಗಣ್ಣು ಮೈನಸ್ 8ರಲ್ಲೇ ಇತ್ತು. ಹಳೇ ಕನ್ನಡಕ ಹಾಕಿದರೆ ಬಲಗಣ್ಣು ಮಂಜು, ತೆಗೆದರೆ ಎಡಗಣ್ಣು ಮಂಜು. ಹೊಸ ಕನ್ನಡಕ ಮಾಡಿಸಿದರೆ ಅದು ಇನ್ನೂ ಕಷ್ಟವಾಯಿತು. ಮೈನಸ್ ಗಾಜು ಎಲ್ಲವನ್ನೂ ಚಿಕ್ಕದಾಗಿ ತೋರಿಸುತ್ತದೆ. ಒಂದು ಕಣ್ಣಿಗೆ ಚಿಕ್ಕದು, ಇನ್ನೊಂದಕ್ಕೆ ದೊಡ್ಡದು ಕಂಡರೆ ಮಿದುಳು ಎರಡನ್ನೂ ಕೂಡಿಸಲಾರದು. ತಲೆನೋವು, ವಾಕರಿಕೆ, ಎರಡೆರಡು ಕಾಣುವುದು. ಕೆಳಗೆ ನೋಡಿದರೆ ಇನ್ನೂ ಜಾಸ್ತಿ. ಜಗಲಿಯ ಮೆಟ್ಟಿಲು ಇಳಿಯಲು ಗೋಡೆ ಹಿಡಿಯುತ್ತಿದ್ದಳು. ತೋಟಕ್ಕೆ ಹೋಗುವಾಗ ಹಳ್ಳಕ್ಕೆ ಅಡಿಕೆ ಮರದ ಸಂಕ ಇದೆ. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಅದನ್ನು ದಾಟುವುದನ್ನೇ ಬಿಟ್ಟಳು.

ಆಸ್ಪತ್ರೆಯಲ್ಲಿ ಕೇಳಿದರೆ, "ಅಭ್ಯಾಸ ಆಗುತ್ತೆ, ಎಡಗಣ್ಣಿನ ಪೊರೆ ಇನ್ನೂ ಬಲಿತಿಲ್ಲ" ಅಂದರು. ನನಗೆ ಈಗಲೂ ಸಿಟ್ಟು ಬರುವುದು ಈ ಮಾತಿಗೆ. ಎರಡು ಕಣ್ಣಿನ ನಡುವೆ 3 ಪವರ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಹೆಚ್ಚಿನವರಿಗೆ ಕನ್ನಡಕ ಒಗ್ಗುವುದಿಲ್ಲ. ಇಲ್ಲಿ 8 ಇತ್ತು! ಪೊರೆ ಬಲಿಯಲಿ ಅಂತ ಕಾಯುವುದು ಹಳೇ ಕಾಲದ ಮಾತು. ಈಗ ಪೊರೆಯನ್ನು ಒಳಗೇ ಪುಡಿ ಮಾಡಿ ಹೀರಿ ತೆಗೆಯುತ್ತಾರೆ. ಬಲಿತು ಗಟ್ಟಿಯಾದಷ್ಟೂ ಆ ಕೆಲಸ ಕಷ್ಟ.

ಬೇರೆ ಡಾಕ್ಟರನ್ನು ಕಂಡಾಗ ದಾರಿಗಳು ಗೊತ್ತಾದವು. ಆಪರೇಷನ್ ಆಗದ ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕಬಹುದು. ಅದು ಕಣ್ಣಿನ ಮೇಲೇ ಕೂರುವುದರಿಂದ ಚಿಕ್ಕದು ದೊಡ್ಡದು ಅನ್ನುವ ವ್ಯತ್ಯಾಸ ತುಂಬಾ ಕಡಿಮೆಯಾಗುತ್ತದೆ. ಆದರೆ ಅದಕ್ಕೆ ನಲ್ಲಿ ನೀರು, ಬಾವಿ ನೀರು ಸೋಕಬಾರದು. ಅಮ್ಮನ ಕೈ ನಡುಗುತ್ತದೆ, ಅವಳಿಗೆ ಆಗಲಿಲ್ಲ. ಇನ್ನೊಂದು ದಾರಿ, ಎರಡನೇ ಕಣ್ಣಿಗೂ ಬೇಗ ಆಪರೇಷನ್. ಪೊರೆ ಸ್ವಲ್ಪವೇ ಇದ್ದರೂ ಇಷ್ಟು ಪವರ್ ವ್ಯತ್ಯಾಸವೇ ಅದಕ್ಕೆ ಸಾಕಷ್ಟು ಕಾರಣ ಅಂದರು. ಕೆಲವರಿಗೆ ಒಳಗೆ ಹಾಕಿದ ಲೆನ್ಸಿನ ಪವರೇ ತಪ್ಪಿರುತ್ತದೆ. ಕಣ್ಣಿನ ಉದ್ದದ ಅಳತೆ 1 ಮಿಲಿಮೀಟರ್ ತಪ್ಪಿದರೂ ಸುಮಾರು ಎರಡೂವರೆ ಪವರ್ ಆಚೀಚೆ ಆಗುತ್ತದೆ. ಅಂಥವರು ಬೇಗ ಹೋದರೆ ಲೆನ್ಸ್ ಬದಲಿಸುವುದು ಸುಲಭ. ತಡವಾದರೆ ಅದು ಒಳಗೆ ಅಂಟಿಕೊಳ್ಳುತ್ತದೆ.

ಹತ್ತಿರದ ನೋಟದ ಬಗ್ಗೆಯೂ ಮೊದಲೇ ಮಾತಾಡಿ. ಅಮ್ಮ ಕನ್ನಡಕ ತೆಗೆದು, ಕಣ್ಣಿನ ಹತ್ತಿರ ಹಿಡಿದು ಹೂ ಕಟ್ಟುತ್ತಿದ್ದಳು, ಅಕ್ಕಿ ಆರಿಸುತ್ತಿದ್ದಳು. ಬಲಗಣ್ಣಿಗೆ ಆ ಶಕ್ತಿ ಹೋಯಿತು. ಬೇಕೆಂದರೆ ಸ್ವಲ್ಪ ಮೈನಸ್ ಉಳಿಯುವಂತೆ ಲೆನ್ಸ್ ಹಾಕಬಹುದಿತ್ತು. ಎರಡನೇ ಡಾಕ್ಟರು, "ಅಮ್ಮಾ, ದಿನಾ ಏನೇನು ಕೆಲಸ ಮಾಡ್ತೀರಿ?" ಅಂತ ಕೇಳಿ, ಎಡಗಣ್ಣಿಗೆ ಮೈನಸ್ ಒಂದೂವರೆ ಉಳಿಸಿದರು. ಈಗ ತಲೆನೋವಿಲ್ಲ. ಹೂ ಕಟ್ಟುತ್ತಾಳೆ. ಸಣ್ಣ ಅಕ್ಷರಕ್ಕೆ ಮಾತ್ರ ಕನ್ನಡಕ ಬೇಕು.

ಆಪರೇಷನ್ ಆಗಿ ತಿಂಗಳುಗಳ ನಂತರ ನಿಧಾನವಾಗಿ ಮಂಜಾದರೆ, ಲೆನ್ಸಿನ ಹಿಂದಿನ ತೆಳು ಪದರ ಮಬ್ಬಾಗಿರಬಹುದು. ಲೇಸರಿನಲ್ಲಿ ಕೆಲವೇ ನಿಮಿಷದಲ್ಲಿ ಸರಿ ಮಾಡುತ್ತಾರೆ. ಆದರೆ ನೋವು, ಕೆಂಪು, ತಟ್ಟನೆ ನೋಟ ಇಳಿಯುವುದು, ಮಿಂಚು ಹೊಡೆದಂತೆ ಕಾಣುವುದು, ಕಪ್ಪು ಪರದೆ ಇಳಿದಂತಾಗುವುದು ಬೇರೆ ವಿಷಯ. ಜಾಸ್ತಿ ಮೈನಸ್ ಇರುವವರಿಗೆ ಅಕ್ಷಿಪಟಲ (ಕಣ್ಣಿನ ಒಳಗೆ ಹಿಂಭಾಗದಲ್ಲಿರುವ ನೋಟದ ಪದರ, ರೆಟಿನಾ) ಕಳಚುವ ಅಪಾಯ ಹೆಚ್ಚು. ನಾಳೆ ಬೆಳಗಿನ ಬಸ್ಸಿಗೆ ಕಾಯಬೇಡಿ. ಬಾಡಿಗೆ ಕಾರು ಮಾಡಿಯಾದರೂ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಅವತ್ತೇ ಹೋಗಿ.