ಡೊಳ್ಳು, ಕಂಸಾಳೆ, ಕೋಲಾಟ: ಮೂರೂ ಟ್ರೈ ಮಾಡಿ ಕೊನೆಗೆ ಕೋಲು ಹಿಡಿದೋಳ ಮಾತು

ಮೊದಲೇ ಹೇಳ್ಬಿಡ್ತೀನಿ, ನನ್ನ ವೋಟು ಕೋಲಾಟಕ್ಕೆ. ಡೊಳ್ಳಿಗೆ ಅಂತ 6,500 ರೂಪಾಯಿ ಸುರಿದು, ಆಮೇಲೆ ಅದರ ರಿಪೇರಿಗೆ ಇನ್ನೊಂದಷ್ಟು ಸುರಿದು, ಈಗ 160 ರೂಪಾಯಿ ಜೋಡಿ ಕೋಲಲ್ಲಿ ಹಾಯಾಗಿರೋಳು ನಾನು, ಹಂಗಾಗಿ ಇದು ಭಾರೀ ನ್ಯಾಯವಾದ ತೀರ್ಪು ಅಂತೇನೂ ಅಂದ್ಕೋಬೇಡಿ. ಆದ್ರೆ "ಜಿಮ್ಮಿಗೆ ಹೋಗೋಕೆ ಬೇಜಾರು, ಜಾನಪದ ಕುಣಿತ ಏನಾದ್ರೂ ಕಲೀಬೇಕು, ಯಾವುದು ಒಳ್ಳೇದು ಹೇಳೇ" ಅಂತ ಆಫೀಸಲ್ಲೇ ಮೂರು ಜನ ಕೇಳಿದಾರೆ, ಒಬ್ಬೊಬ್ರಿಗೂ ಪುರಾಣ ಒಪ್ಪಿಸೋ ಬದಲು ಒಂದೇ ಸಲ ಬರೆದು ಮುಗಿಸ್ತೀನಿ.

ಶುರುವಾಗಿದ್ದು ಮೈಸೂರು ದಸರಾ ಮೆರವಣಿಗೆಯಿಂದ. ಡೊಳ್ಳಿನ ತಂಡ ಪಕ್ಕದಲ್ಲಿ ಹಾದು ಹೋದಾಗ ಸದ್ದು ಕಿವಿಗಲ್ಲ, ಸೀದಾ ಎದೆಗೂಡಿಗೆ ಬಂದು ಬಡಿಯತ್ತಲ್ಲ, ಅದಕ್ಕೆ ಮರುಳಾದೆ. ಬೆಂಗಳೂರಿಗೆ ವಾಪಸ್ ಬಂದು ಹುಡುಕಿದ್ರೆ ಮನೆಯಿಂದ ಅರ್ಧ ಗಂಟೆ ದೂರದಲ್ಲಿ ಭಾನುವಾರದ ಕ್ಲಾಸು ಸಿಕ್ತು. ಬಲಗೈಲಿ ಕೋಲು, ಎಡಗೈ ಬರೀ ಅಂಗೈ. ಮೊದಲ ಎರಡು ವಾರ ಎಡ ಅಂಗೈ ಊದಿ ಚಪಾತಿ ಲಟ್ಟಿಸೋಕೂ ಆಗ್ತಿರ್ಲಿಲ್ಲ, ಆದ್ರೂ ಖುಷಿಯೋ ಖುಷಿ. ಹತ್ತು ಜನ ಒಟ್ಟಿಗೆ ಒಂದೇ ಪೆಟ್ಟು ಹಾಕಿದಾಗ ಆಗೋ ಮಜಾ ಇನ್ಯಾವುದ್ರಲ್ಲೂ ಇಲ್ಲ, ಇದನ್ನ ಕೋಲಾಟದವಳಾಗೇ ಒಪ್ಕೋತೀನಿ.

ತಪ್ಪು ಮಾಡಿದ್ದು ಎಲ್ಲಿ ಅಂದ್ರೆ, ಮನೇಲೂ ಪ್ರಾಕ್ಟೀಸ್ ಮಾಡೋಣ ಅಂತ ಸ್ವಂತ ಡೊಳ್ಳು ತಗೊಂಡಿದ್ದು. ಸೆಕೆಂಡ್ ಹ್ಯಾಂಡು, ಮರದ್ದು, ನಮ್ಮನೆ ತೂಕದ ಮಷೀನಲ್ಲಿ 9 ಕೆಜಿ. ಮಾಸ್ಟರು "ಮೇಡಂ, ಮಳೆಗಾಲ ಮುಗೀಲಿ, ಆಮೇಲೆ ತಗೊಳ್ಳಿ" ಅಂದಿದ್ರು. ಯಾಕೆ ಅಂತ ನಾನೂ ಕೇಳ್ಲಿಲ್ಲ.

ಯಾಕೆ ಅಂತ ಜುಲೈನಲ್ಲಿ ಗೊತ್ತಾಯ್ತು. ಚರ್ಮ ತೇವ ಎಳ್ಕೊಳ್ಳತ್ತೆ, ಎಳ್ಕೊಂಡ್ರೆ ಸಡಿಲ ಆಗತ್ತೆ, ಸಡಿಲ ಆದ್ರೆ ಗುಡುಗಿನ ಥರ ಬರಬೇಕಿದ್ದ ಸದ್ದು ಒದ್ದೆ ಹಾಸಿಗೆಗೆ ಬಡಿದ ಹಂಗೆ ಬದ್ ಬದ್ ಅನ್ನತ್ತೆ. ಶಿವ ಡೊಳ್ಳಾಸುರನ್ನ ಕೊಂದು ಅವನ ಚರ್ಮದಲ್ಲೇ ಡೊಳ್ಳು ಮಾಡಿದ ಅಂತ ಕಥೆ ಇದೆ, ನಮ್ಮನೆ ಅಸುರ ಮಾತ್ರ ಮೋಡ ಕವಿದ್ರೆ ಸಾಕು ಮುಸುಕು ಹೊದ್ದು ಮಲಗ್ತಿದ್ದ. ಆ ತಿಂಗಳು ಬೆಂಗಳೂರಲ್ಲಿ ಬಿಸಿಲು ಎಲ್ಲಿಂದ ತರ್ಲಿ? ಗ್ಯಾಸ್ ಒಲೆ ಮುಂದೆ ಇಟ್ಟೆ, ಅತ್ತೆ ಬೈದ್ರು. ಹೇರ್ ಡ್ರೈಯರ್ ಹಿಡಿದೆ, ಮಗ ಒಂದು ಕಡೆ ಗಾಳಿ ಬಿಡೋದು ನಾನು ಇನ್ನೊಂದು ಕಡೆ ಬಡಿದು ನೋಡೋದು, ಇಪ್ಪತ್ತು ನಿಮಿಷ ಹಿಂಗೆ ಮಾಡಿದ್ರೆ ಹತ್ತು ನಿಮಿಷ ಸದ್ದು ಬರ್ತಿತ್ತು, ಆಮೇಲೆ ಮತ್ತೆ ಬದ್ ಬದ್.

ಕೊನೆಗೆ ಹಗ್ಗ ಬಿಗಿ ಮಾಡೋದು ಕಲಿತೆ. ಎರಡೂ ಕಡೆ ಚರ್ಮ ಹಿಡಿದಿರೋದು ಅಡ್ಡಡ್ಡ ಹೆಣೆದಿರೋ ಹಗ್ಗ, ಅದನ್ನ ಒಂದೊಂದೇ ಎಳೆ ಜಗ್ಗಿ ಬಿಗಿಯೋದು, ನಮ್ಮೆಜಮಾನ್ರು ಕಾಲು ಕೊಟ್ಟು ಒತ್ತಿ ಹಿಡಿದ್ರೆ ನಾನು ಎಳೆಯೋದು. ಒಂದು ಶನಿವಾರ ರಾತ್ರಿ ಚೆನ್ನಾಗಿ ಬಿಗಿದು ಬಡಿದ್ರೆ ಆಹಾ, ಏನು ಸದ್ದು! ಕೆಳಗಡೆ ಮನೆ ಆಂಟಿ ಬಂದು "ಏನಮ್ಮಾ, ಇಷ್ಟೊತ್ನಲ್ಲಿ ಖಾರದಪುಡಿ ಕುಟ್ತಿದೀರಾ" ಅಂತ ಕೇಳಿ ಹೋದ್ರು. ಹಗ್ಗ ಸಡಿಲ ಮಾಡೋದು ಮರೆತು ಮಲಗಿದೆ. ಮಾರನೇ ದಿನ ಯಾವತ್ತೂ ಇಲ್ಲದ ಬಿಸಿಲು, ಟೆರೇಸಲ್ಲಿ ಇಟ್ಟು ಬಂದೆ, ಒಣಗಲಿ ಅಂತ. ಚರ್ಮ ಒಣಗ್ತಾ ಒಣಗ್ತಾ ಬಿಗಿಯಾಗತ್ತೆ, ಮೊದಲೇ ಹಗ್ಗ ಪೂರ್ತಿ ಎಳೆದಿದೆ, ಇನ್ನೆಲ್ಲಿಗೆ ಹೋಗತ್ತೆ ಅದು? ಮಧ್ಯಾಹ್ನ ಬಟ್ಟೆ ತೆಗೆಯೋಕೆ ಹೋದಾಗ ನೋಡಿದ್ರೆ ಬಲಗಡೆ ಚರ್ಮ ಅಂಚಿಂದ ನಡುವಿನ ತನಕ ಸೀಳಿತ್ತು. ಹೊಸ ಚರ್ಮ ಹಾಕ್ಸೋಕೆ 1,800, ಆಟೋಗೆ ಹೋಗ್ತಾ ಬರ್ತಾ 500. ಆಟೋದವ್ರು ಬೇರೆ "ಇದಕ್ಕೆ ಒಂದು ಸೀಟು ಚಾರ್ಜ್ ಆಗತ್ತೆ" ಅಂತ ನಕ್ಕರು. ಮಾಸ್ಟರು ಬೈಲಿಲ್ಲ, "ಬಾರಿಸಿದ್ಮೇಲೆ ಹಗ್ಗ ಇಳಿಸ್ಬೇಕು ಮೇಡಂ" ಅಂದ್ರು ಅಷ್ಟೇ. ಅವರು ಬೈದಿದ್ರೇ ಚೆನ್ನಾಗಿತ್ತು.

ಇನ್ನು ಕಂಸಾಳೆ. ಮಲೆ ಮಹದೇಶ್ವರನ ಒಕ್ಕಲು ದೇವರಗುಡ್ಡರು ಹಾಡ್ತಾ ನುಡಿಸೋ ಕಂಚಿನ ತಾಳ ಇದು, ಎಡಗೈಲಿ ಬಟ್ಟಲಿನ ಥರದ್ದು, ಬಲಗೈಲಿ ದಾರ ಕಟ್ಟಿರೋ ಚಪ್ಪಟೆ ತಟ್ಟೆ. ಕೂತು ಹಾಡೋದು ಬೇರೆ, ನಾನು ಹೋಗಿದ್ದು ಬೀಸು ಕಂಸಾಳೆಗೆ. ತಟ್ಟೆನ ತಲೆ ಸುತ್ತ, ಬೆನ್ನ ಹಿಂದೆ, ಮಂಡಿ ಕೆಳಗೆ ಬೀಸಿ ತಂದು ಎಡಗೈಯ ಬಟ್ಟಲಿಗೆ ತಾಳಕ್ಕೆ ಸರಿಯಾಗಿ ತಾಗಿಸ್ಬೇಕು. ನೋಡೋಕೆ ಮೂರರಲ್ಲಿ ಇದೇ ಚೆಂದ. ಆದ್ರೆ ಕೂತು ಎದ್ದು ಹಾರೋದು ನನ್ನ ಮಂಡಿಗೆ ಒಗ್ಗಲಿಲ್ಲ, ಮೂರನೇ ವಾರ ತಟ್ಟೆ ಬಂದು ಮೊಣಕೈ ಮೂಳೆಗೆ ಹೊಡೆದಾಗ ಕಣ್ಣಲ್ಲಿ ನೀರೇ ಬಂತು. ಇಪ್ಪತ್ತರ ಹುಡುಗ್ರು, ಮಂಡಿ ಗಟ್ಟಿ ಇರೋರು ಧಾರಾಳವಾಗಿ ಹೋಗಿ. ಒಂದು ಮಾತು, ಕಲಿಸೋರಿಗೆ ಅದು ದೇವರ ವಸ್ತು, ಚಪ್ಪಲಿ ಬಿಟ್ಟು ಮುಟ್ಟಿ, ನೆಲದ ಮೇಲೆ ಇಟ್ಟಿದ್ರೆ ದಾಟ್ಕೊಂಡು ಹೋಗ್ಬೇಡಿ.

ಕೋಲಾಟಕ್ಕೆ ಸೇರಿದ್ದು ಬೇಜಾರಲ್ಲಿ, ಏರಿಯಾದ ಹೆಂಗಸರೆಲ್ಲ ಪಾರ್ಕಲ್ಲಿ ಆಡ್ತಿದ್ರು, ಹೋಗಿ ನಿಂತೆ. ಒಂದೂವರೆ ಅಡಿ ಕೋಲು ಎರಡು, ಹ್ಯಾಂಡ್‌ಬ್ಯಾಗಲ್ಲೇ ಹಿಡಿಯತ್ತೆ. ಮಳೆ ಬಂದ್ರೆ ಬಟ್ಟೇಲಿ ಒರೆಸಿದ್ರೆ ಮುಗೀತು. ವಾರ್ನಿಷ್ ಹೊಡೆದು ಮಿಂಚೋ ಕೋಲು ಮಾತ್ರ ಬೇಡ, ಬೆವರಿದ ಕೈಲಿ ಜಾರತ್ತೆ. ಬೆರಳ ಗೆಣ್ಣಿಗೆ ಪೆಟ್ಟು ಬೀಳತ್ತೆ, ಅದೂ ನಿಮ್ಮ ಕೋಲಿಂದಲ್ಲ, ಎದುರಿಗಿರೋರ ಕೋಲಿಂದ, ಒಂದು ತಿಂಗಳಲ್ಲಿ ಅಭ್ಯಾಸ ಆಗತ್ತೆ.

ನಂಗೆ ಹುಚ್ಚು ಹಿಡಿದಿದ್ದು ಜಡೆ ಕೋಲಾಟದಲ್ಲಿ. ಮೇಲಿಂದ ಇಳಿಬಿಟ್ಟಿರೋ ಬಣ್ಣದ ಹಗ್ಗ ಒಬ್ಬೊಬ್ರ ಕೈಲಿ ಒಂದೊಂದು, ನಾಲ್ಕು ಜನ ಬಲಕ್ಕೆ ನಾಲ್ಕು ಜನ ಎಡಕ್ಕೆ, ಒಬ್ರನ್ನ ಒಳಗಿಂದ ದಾಟಿ ಮುಂದಿನೋರನ್ನ ಹೊರಗಿಂದ ದಾಟ್ತಾ ಕುಣೀತಾ ಹೋದ್ರೆ ಮೇಲೆ ಜಡೆ ತಾನಾಗೇ ಹೆಣೀತಾ ಬರತ್ತೆ. ಅದೇ ಹೆಜ್ಜೆ ಉಲ್ಟಾ ಹಾಕಿದ್ರೆ ಬಿಚ್ಕೊಳ್ಳತ್ತೆ. ಒಂದಿನ ನಾನು ಒಳಗೆ ಹೋಗ್ಬೇಕಾದ ಕಡೆ ಹೊರಗೆ ಹೋದೆ, ಹೆಣೆಯುವಾಗ ಯಾರಿಗೂ ಗೊತ್ತಾಗ್ಲಿಲ್ಲ, ಬಿಚ್ಚುವಾಗ ಅರ್ಧಕ್ಕೆ ಬಂದು ಗಂಟು ಬಿತ್ತು ನೋಡಿ, ಪಾರ್ಕಿನ ಮಾಲಿ ಹತ್ರ ಏಣಿ ಇಸ್ಕೊಂಡು ಬಿಡಿಸಿದ್ದು. ನಮ್ಮ ಗುಂಪಲ್ಲಿ ಕೊಡಗಿನೋರು ಒಬ್ರಿದಾರೆ, ಅವರ ಕಡೆ ಹುತ್ತರಿ ಹಬ್ಬಕ್ಕೆ ಗಂಡಸರು ಕೋಲಾಟ ಆಡ್ತಾರಂತೆ, ಆ ಹೆಜ್ಜೆನೇ ಬೇರೆ, ಅದನ್ನೂ ಸ್ವಲ್ಪ ಕಲೀತಿದೀವಿ.

ಸದ್ದು: ಡೊಳ್ಳಿಗೆ ಬಯಲು ಬೇಕು, ಕಂಸಾಳೆಗೆ ಹಾಲ್ ಸಾಕು, ಕೋಲು ಮಗು ಮಲಗಿದ್ರೂ ನಡೆಯತ್ತೆ. ಬಟ್ಟೆ ಬಗ್ಗೆ ತಲೆ ಕೆಡಿಸ್ಕೋಬೇಡಿ, ಚೂಡಿದಾರ್ ಸಾಕು.

ದುಡ್ಡು ಕೊಡೋ ಮೊದಲು ರಾಮನಗರದ ಹತ್ರ ಎಚ್.ಎಲ್. ನಾಗೇಗೌಡ್ರು ಕಟ್ಟಿದ ಜಾನಪದ ಲೋಕಕ್ಕೆ ಒಮ್ಮೆ ಹೋಗಿ ಬನ್ನಿ, ಜಾನಪದ ವಾದ್ಯಗಳನ್ನ ಹತ್ತಿರದಿಂದ ನೋಡಬಹುದು. ನಾನು ಹೋಗಿದ್ದು ಡೊಳ್ಳು ತಂದ ಮೇಲೆ, ಗಾಜಿನ ಈಚೆ ನಿಂತು ನಮ್ಮೆಜಮಾನ್ರು "ಹಿಂಗೆ ಇಟ್ರೆ ಎಷ್ಟು ಚೆನ್ನಾಗಿ ಕಾಣತ್ತೆ ಅಲ್ವಾ, ನಮ್ಮದನ್ನೂ ಇವರಿಗೇ ಕೊಟ್ಬಿಡೋಣ" ಅಂದ್ರು.

ಕೊಡ್ಲಿಲ್ಲ, ಅದು ಈಗ ಮಾಸ್ಟರ್ ತಂಡದಲ್ಲಿದೆ, ಮೆರವಣಿಗೆ ಇದ್ದಾಗ ಯಾರೋ ಹುಡುಗ ಹೊತ್ಕೊಂಡು ಬಾರಿಸ್ತಾನೆ, ನಾನು ರಸ್ತೆ ಬದಿ ನಿಂತು ಸದ್ದಲ್ಲೇ ಗುರುತು ಹಿಡೀತೀನಿ. ದಿನಾ ಸಂಜೆ ಅರ್ಧ ಗಂಟೆ ಬಿಡುವು, ಎರಡನೇ ಮಹಡಿ ಮನೆ, ಕೈಲಿ ಇನ್ನೂರು ರೂಪಾಯಿ ಅನ್ನೋರಿಗೆ ಕೋಲೇ ಸರಿ. ಅದಕ್ಕಿರೋ ಒಂದೇ ತಾಪತ್ರಯ ಜೋಡಿದು, ಒಬ್ರು ಕೈ ಕೊಟ್ರೆ ಇನ್ನೊಬ್ರು ಗಾಳಿಗೆ ಕೋಲು ಬೀಸ್ತಾ ನಿಲ್ಬೇಕು. ಈ ಭಾನುವಾರಕ್ಕೆ ನಾವು ಏಳು ಜನ ಇದೀವಿ, ಆಫೀಸಲ್ಲಿ ಕೇಳಿದ ಮೂರು ಜನದಲ್ಲಿ ಯಾರಾದ್ರೂ ಒಬ್ರು ಬನ್ರೇ, ಕೋಲು ನಾನೇ ತರ್ತೀನಿ.