ಪಾನಶೆತ್ ಹಿನ್ನೀರಿನ 'ಫಿಶಿಂಗ್ ಫ್ರೀ' ಕ್ಯಾಂಪರ್ ವ್ಯಾನ್: ಮುಂಗಡ ಕಳಿಸೋ ಮೊದಲು ಇದನ್ನ ಓದಿ

ಪುಣೆಯ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಈ ಬೇಸಿಗೆ ಒಂದು ಜಾಹೀರಾತು ಓಡಾಡ್ತಿದೆ. ಮಲಗೋಕೆ ಜಾಗ, ಅಡುಗೆ ಕಟ್ಟೆ, ಟಾಯ್ಲೆಟ್ ಎಲ್ಲ ಒಳಗೇ ಇರೋ ವ್ಯಾನು. ಡ್ರೈವರ್ ಬೇಡ, ನೀವೇ ಓಡಿಸ್ಕೊಂಡು ಹೋಗಿ. ಪುಣೆ ಹತ್ರದ ಪಾನಶೆತ್ ಡ್ಯಾಮಿನ ಹಿನ್ನೀರಿನ ಪಕ್ಕದಲ್ಲೇ ರಾತ್ರಿ ವಾಸ್ತವ್ಯ. ಗಾಳ, ರೀಲು, ಲೈಫ್ ಜಾಕೆಟ್ ನಮ್ಮದೇ. ಫಿಶಿಂಗ್ ಫ್ರೀ. ಮಕ್ಕಳಿಗೆ ರಜೆ, ಬಾಗಲಕೋಟೆಯಿಂದ ಅತ್ತೆ ಮಾವ ಬಂದಿದ್ರು, ಹೋದ್ವಿ. ಇಷ್ಟರಲ್ಲಿ ಜಾಹೀರಾತು ಹಾಕಿದ ಮನುಷ್ಯನ ಸ್ವಂತದ್ದು ಅಂತ ಇದ್ದದ್ದು ವ್ಯಾನೊಂದೇ, ಅದೂ ಬಾಡಿಗೆಗೆ ಬಿಡೋಕೆ ಬರದ ಗಾಡಿ. ನೀರಾಗಲಿ, ದಂಡೆಯಾಗಲಿ, ಮೀನಾಗಲಿ ಅವನದಲ್ಲ.

ಗಾಡಿಯಿಂದಲೇ ಶುರು ಮಾಡ್ತೀನಿ. ಪೂರ್ತಿ ದುಡ್ಡು ಅವನ ಖಾತೆಗೆ ಬಿದ್ದ ಮೇಲೆ ಕೀಲಿ ಕೈಗೆ ಕೊಡ್ತಾ ಮೆಲ್ಲಗೆ ಒಂದು ಮಾತು ಅಂದ: "ನಾಕಾದಲ್ಲಿ ಯಾರಾದ್ರೂ ಕೇಳಿದ್ರೆ ಫ್ರೆಂಡ್ ಗಾಡಿ ಅನ್ನಿ ಸರ್." ನಂಬರ್ ಪ್ಲೇಟು ಬಿಳಿ, ಅಕ್ಷರ ಕಪ್ಪು. ಅಂದ್ರೆ ಖಾಸಗಿ ಗಾಡಿ. ಡ್ರೈವರ್ ಸಮೇತ ಬಾಡಿಗೆಗೆ ಓಡೋದಕ್ಕೆ ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ ಇರಬೇಕು, ನಾವೇ ಓಡಿಸೋ ಬಾಡಿಗೆ ಗಾಡಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ. ಇದು ಬರೀ ದಂಡದ ಪ್ರಶ್ನೆ ಅಲ್ಲ. ಖಾಸಗಿ ಗಾಡಿಯ ವಿಮೆ ಬಾಡಿಗೆ ಓಡಾಟಕ್ಕೆ ಅನ್ವಯ ಆಗಲ್ಲ. ಘಾಟಿನಲ್ಲಿ ಯಾರಿಗಾದ್ರೂ ತಾಗಿಸಿದ್ರೆ 'ಫ್ರೆಂಡ್' ಫೋನ್ ಎತ್ತಲ್ಲ, ವಿಮೆ ಕಂಪನಿ ಕೈಯೆತ್ತುತ್ತೆ. ಆಮೇಲೆ ಗಾಡಿಗಳ ದಾಖಲೆ ತೋರಿಸೋ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಆ ನಂಬರ್ ಹಾಕಿ ನೋಡಿದ್ರೆ ಅದು ದಾಖಲೆಯಲ್ಲಿ ಕ್ಯಾಂಪರ್ ವ್ಯಾನೇ ಅಲ್ಲ, ಸೀಟಿರೋ ಮಾಮೂಲಿ ಗಾಡಿ. ಸೀಟು ಕಿತ್ತು ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು ಕೂರಿಸಿದ್ದ. ಆರ್‌ಸಿಯಲ್ಲಿ ಬದಲಾಯಿಸದೆ ಹೀಗೆ ಮಾಡೋದನ್ನ ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಒಪ್ಪಲ್ಲ. ಸಿಲಿಂಡರು ಇದ್ದದ್ದು ಮಕ್ಕಳು ಮಲಗೋ ಹಲಗೆಯ ಕೆಳಗೆ. ಅತ್ತೆ ಅದನ್ನ ನೋಡಿದವರೇ ಹೊರಗೆ ತೆಗೆಸಿ, ಅಡುಗೆಯನ್ನೂ ಹೊರಗೇ ಮಾಡಿದ್ರು.

ಸಿಂಹಗಡ ರಸ್ತೆ, ಖಡಕವಾಸ್ಲಾ, ಖಾನಾಪುರ ದಾಟಿ ಪಾನಶೆತ್ ಕಡೆ ಹೋಗೋ ದಾರಿ ಚೆಂದವೇ. ಅದರ ಮೇಲೆ ನನಗೆ ಸಿಟ್ಟಿಲ್ಲ. ಅವನು ಕಳಿಸಿದ ಲೊಕೇಶನ್ ಡಾಂಬರು ಬಿಟ್ಟು ನೇರ ನೀರಿನ ಅಂಚಿಗೇ ಕರ್ಕೊಂಡು ಹೋಯ್ತು. ಫೋನಲ್ಲಿ ಕೇಳಿದ್ದಕ್ಕೆ "ಹೋಗುತ್ತೆ ಸರ್, ಹಿಂದಿನ ಗಿರಾಕಿ ಅಲ್ಲೇ ನಿಲ್ಸಿದ್ರು" ಅಂದ. ಟೈರಿನ ಗುರುತೂ ಇದ್ದವು. ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಬೇಸಿಗೆ ಉದ್ದಕ್ಕೂ ಪಾನಶೆತ್ ನೀರನ್ನ ಖಡಕವಾಸ್ಲಾ ಡ್ಯಾಮಿಗೆ ಬಿಡ್ತಾರೆ, ಪುಣೆಯ ನಲ್ಲಿಗೂ ಕೆಳಗಿನ ಕಾಲುವೆಗೂ. ಮಟ್ಟ ಇಳಿದಂತೆ ಹೂಳಿನ ನೆಲ ಮೇಲೆ ಬರುತ್ತೆ. ಮೇ ತಿಂಗಳಲ್ಲಿ ಅದು ಹಪ್ಪಳದ ಹಾಗೆ ಬಿರುಕು ಬಿಟ್ಟು ಒಣಗಿರುತ್ತೆ, ಮೇಲೆ ನಡೆದ್ರೆ ಕಟಕಟ ಅನ್ನುತ್ತೆ. ಒಂದು ಗೇಣು ಕೆಳಗೆ ಹಸಿ ಕೆಸರು. ಬೈಕು ಹೋಗುತ್ತೆ, ಕಾರೂ ಹೋಗಬಹುದು. ಟ್ಯಾಂಕಿನಲ್ಲಿ ನೂರು ಲೀಟರ್ ನೀರಿದ್ರೆ ಅದೇ ನೂರು ಕೆಜಿ, ಅದರ ಮೇಲೆ ಮಂಚ, ಫ್ರಿಜ್ಜು, ಬ್ಯಾಟರಿ, ಇಡೀ ಸಂಸಾರ. ರಾತ್ರಿ ಕೃತ್ತಿಕಾ ಮಳೆ ಗುಡುಗಿನ ಜೊತೆ ಒಂದು ಸುತ್ತು ಹೊಡೆದು ಹೋಯ್ತು. ಬೆಳಿಗ್ಗೆ ನೋಡಿದ್ರೆ ಹಿಂದಿನ ಚಕ್ರ ಎರಡೂ ರಿಮ್ಮಿನ ತನಕ ಒಳಗೆ.

ಎಳೆಯೋಕೆ ಟ್ರ್ಯಾಕ್ಟರ್ ಸಿಕ್ತು, ಆದ್ರೆ ಹಗ್ಗ ಕಟ್ಟೋಕೆ ಜಾಗವಿರಲಿಲ್ಲ. ಚೆಂದಕ್ಕೆ ಕೂರಿಸಿದ ಫೈಬರ್ ಬಂಪರ್ ಟೋ ಹುಕ್ಕನ್ನೇ ಮುಚ್ಚಿಬಿಟ್ಟಿತ್ತು. ಆ ರೈತ ಬೈಯೋಕೂ ಹೋಗಲಿಲ್ಲ. ಮನೆಯಿಂದ ಎರಡು ಹೊರೆ ಭತ್ತದ ಹುಲ್ಲು ತರಿಸಿ ಚಕ್ರದ ಮುಂದೆ ತುರುಕಿ, ತಾನೇ ಕೆಸರಲ್ಲಿ ಅಂಗಾತ ಮಲಗಿ ಹಗ್ಗವನ್ನ ಆ್ಯಕ್ಸಲಿಗೆ ಬಿಗಿದು, ಇಂಚಿಂಚಾಗಿ ಎಳೆದ. ಮಳೆಗಾಲ ಹತ್ರ ಬಂದಾಗ ಇದೇ ಅವನಿಗೆ ದಿನಗೆಲಸವಂತೆ.

ಇನ್ನು ಮೀನು. ಡಬ್ಬಿಯಲ್ಲಿ ಕೊಟ್ಟ ಸಾಮಾನು ಸಮುದ್ರಕ್ಕೆ ಹಾಕೋದು: ದಪ್ಪ ದಾರ, ತುಕ್ಕು ಹಿಡಿದ ಮೂರು ಮುಳ್ಳಿನ ಗಾಳ. ಹಿನ್ನೀರಿನ ಜಿಲೇಬಿ ಮೀನಿಗೆ ಸಣ್ಣ ಒಂಟಿ ಗಾಳ, ಒಂದು ಬೆಂಡು, ಎರೆಹುಳು ಸಾಕು. ಮಾವ ಅದನ್ನ ಬೆಳಕಿಗೆ ಹಿಡಿದು ನೋಡಿ, "ಮೀನ ಹಿಡ್ಯಾಕ ಕೊಟ್ಟಾನೋ, ಮೊಸಳಿ ಹಿಡ್ಯಾಕೋ?" ಅಂದ್ರು. ಬೀಸುವಾಗ ಅದೇ ಗಾಳ ಮಗನ ಹೆಬ್ಬೆರಳಿಗೆ ಹೊಕ್ಕಿತು. ಮುಳ್ಳಿಗೆ ಹಿಂಬದಿ ಕೊಕ್ಕೆ ಇರುತ್ತೆ, ಹಿಂದಕ್ಕೆ ಎಳೆದ್ರೆ ಮಾಂಸವನ್ನೇ ಕಿತ್ತುಕೊಂಡು ಬರುತ್ತೆ. ದಾರ ಕತ್ತರಿಸಿ, ಗಾಳ ಅಲ್ಲಾಡದ ಹಾಗೆ ಬಟ್ಟೆ ಸುತ್ತಿ ಡಾಕ್ಟರ ಹತ್ರ ಕರ್ಕೊಂಡು ಹೋಗಬೇಕು. ಅವರು ಮರಗಟ್ಟಿಸಿ, ತುದಿಯನ್ನ ಮುಂದಕ್ಕೆ ತಳ್ಳಿ ಕೊಕ್ಕೆ ಕತ್ತರಿಸಿ ತೆಗೆದ್ರು, ಟಿಟಿ ಇಂಜೆಕ್ಷನ್ ಕೊಟ್ರು. ವ್ಯಾನು ಕೆಸರಲ್ಲಿ ಕೂತಿದ್ದರಿಂದ ಡಾಕ್ಟರ ತನಕ ಹೋದದ್ದು ಹಳ್ಳಿಯ ಹುಡುಗನೊಬ್ಬನ ಬೈಕಿನ ಮೇಲೆ.

ಲೈಫ್ ಜಾಕೆಟ್ ಎಲ್ಲ ದೊಡ್ಡವರ ಅಳತೆಯವು, ಮಕ್ಕಳ ತಲೆಯಿಂದಲೇ ಕಳಚಿ ಬರ್ತಿದ್ವು. ಮಗಳು ಮೊಣಕಾಲು ನೀರಿನಲ್ಲಿ ಇಳಿದಾಗ ಮಾವ ರಟ್ಟೆ ಹಿಡಿದು ಎಳೆದುಕೊಂಡ್ರು. "ಇದು ಮುಳುಗಡಿ ಜಮೀನರೀ. ಕೆಳಗ ಗದ್ದಿ ಬದು ಇರತಾವ, ಹಳೇ ಬಾವಿ ಇರತಾವ. ಇಲ್ಲಿ ಮೊಣಕಾಲ, ಮುಂದಿನ ಹೆಜ್ಜಿ ಕುತ್ತಿಗಿ." ಆಲಮಟ್ಟಿ ಹಿನ್ನೀರು ಊರನ್ನ ನುಂಗಿದ್ದನ್ನ ಕಂಡವರು ಅವರು. ಜಾಹೀರಾತಿನಲ್ಲಿ ಮಾತ್ರ 'ಮಕ್ಕಳಿಗೆ ಸುರಕ್ಷಿತ, ಆಳವಿಲ್ಲದ ದಂಡೆ' ಅಂತಿತ್ತು.

ಅಷ್ಟರಲ್ಲಿ ಥರ್ಮೋಕೋಲ್ ತೆಪ್ಪದ ಮೇಲೆ ಬಲೆ ಎಳೀತಿದ್ದ ಒಬ್ಬರು ಹತ್ತಿರ ಬಂದು, "ದಾದಾ, ಹೇ ಪಾಣಿ ಸೊಸಾಯಟೀಚಂ ಆಹೇ" ಅಂದ್ರು, ಅಂದ್ರೆ ಈ ನೀರು ಸೊಸೈಟಿಯದ್ದು ಅಂತ. ಮಹಾರಾಷ್ಟ್ರದ ಜಲಾಶಯಗಳಲ್ಲಿ ಮೀನು ಹಿಡಿಯೋ ಹಕ್ಕನ್ನ ಸಾಮಾನ್ಯವಾಗಿ ಮೀನುಗಾರಿಕೆ ಇಲಾಖೆ ಮೀನುಗಾರರ ಸಹಕಾರಿ ಸಂಘಗಳಿಗೆ ಗುತ್ತಿಗೆ ಕೊಡುತ್ತೆ. ಕಟ್ಲಾ, ರೋಹು ಮರಿ ತಂದು ಬಿಡೋರು ಅವರು. ಅವರು ದುಡ್ಡು ಹಾಕಿ ಬೆಳೆಸಿದ್ದನ್ನ ಇನ್ಯಾರೋ 'ಫ್ರೀ' ಅಂತ ಮಾರ್ತಾನೆ, ಬೈಸಿಕೊಳ್ಳೋರು ನಾವು. ಅವರ ಮಾತಿಗೆ ನಮ್ಮ ಹತ್ರ ಉತ್ತರ ಇರಲಿಲ್ಲ. ಗಾಳ ಸುತ್ತಿಟ್ವಿ.

ಇನ್ನೊಂದು ವಿಷಯ ಹೇಳೋಕೆ ಅಸಹ್ಯ, ಆದ್ರೂ ಹೇಳಬೇಕು. ಪಾತ್ರೆ ತೊಳೆದ ನೀರಿನ ಟ್ಯಾಂಕಿನ ಕೊಳಾಯಿ ಗಾಡಿಯ ಹೊಟ್ಟೆಯ ಕೆಳಗಿರುತ್ತೆ. ಅಲ್ಲೇ ಬಿಡಿ ಅಂದಿದ್ದ. ಟಾಯ್ಲೆಟ್ ಡಬ್ಬಿಗೆ "ಒಂದು ಗುಂಡಿ ತೋಡಿ ಸುರೀರಿ" ಅಂದಿದ್ದ. ಎಮ್ಮೆ ನೀರಿಗೆ ತಂದ ಅಜ್ಜಿಯೊಬ್ಬರು ದಂಡೆ ಮೇಲಿನ ಸೋಪಿನ ನೊರೆಯ ಗುರುತು ತೋರಿಸಿ, ನಿಮ್ಮ ಪುಣೆಯವರು ಕುಡಿಯೋದು ಇದನ್ನೇ ಅಂತ ನಕ್ರು. ಸುಳ್ಳೇನಲ್ಲ. ಖಡಕವಾಸ್ಲಾ, ಪಾನಶೆತ್, ವರಸಗಾವ್, ಟೇಮಘರ್, ಮುಖ್ಯವಾಗಿ ಈ ನಾಲ್ಕು ತಾನೇ ಊರಿಗೆ ನೀರು ಕೊಡೋ ಡ್ಯಾಮುಗಳು. ನಾವು ಡಬ್ಬಿಯನ್ನ ಹಾಗೇ ಮುಚ್ಚಿ ವಾಪಸ್ ತಂದು ಕೊಟ್ವಿ. ಅದಕ್ಕೆ 'ಕ್ಲೀನಿಂಗ್ ಚಾರ್ಜ್' ಹಾಕಿದ.

ಡಿಪಾಸಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಅವನೇ ನುಂಗಿದ್ದಾನೆ: ಕೆಸರು, ಬಂಪರ್ ಗೀರು, ಕ್ಲೀನಿಂಗು. ದುಡ್ಡು ಹೋದದ್ದು ಒಬ್ಬರ ವೈಯಕ್ತಿಕ ಯುಪಿಐಗೆ, ರಸೀದಿ ಇಲ್ಲ, ಕರಾರು ಪತ್ರ ಇಲ್ಲ. ಇಂಥವರ ಹತ್ರ ಮಾತಾಡೋ ಪ್ರಸಂಗ ಬಂದ್ರೆ ಮೊದಲು ಗಾಡಿಯ ನಂಬರ್ ಕೇಳಿ. ಕೀಲಿ ಕೊಡುವಾಗ ತೋರಿಸ್ತೀನಿ ಅಂದ್ರೆ ಅಲ್ಲಿಗೇ ಬಿಟ್ಟುಬಿಡಿ. ನಂಬರ್ ಕೊಟ್ರೆ, ನಿಲ್ಲಿಸೋ ಜಾಗ ಯಾರದ್ದು, ಅವರ ಒಪ್ಪಿಗೆ ಎಲ್ಲಿದೆ ಅಂತ ಕೇಳಿ. ಮಕ್ಕಳಿಗೆ ಗಾಳ ಹಾಕೋದು ಕಲಿಸಲೇಬೇಕು ಅಂದ್ರೆ ಸ್ವಂತ ಕೃಷಿಹೊಂಡ ಇರೋ, ಅದರಲ್ಲಿ ಮೀನು ಸಾಕಿರೋ ಕೃಷಿ ಪ್ರವಾಸದ ಜಾಗ ಹುಡುಕಿ. ಗಾಡಿ ಅವರ ಅಂಗಳದ ಗಟ್ಟಿ ನೆಲದ ಮೇಲೆ ನಿಲ್ಲುತ್ತೆ, ಆಳ ಎಷ್ಟು ಅಂತ ಅವರಿಗೇ ಗೊತ್ತಿರುತ್ತೆ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ, ಯುಪಿಐ ದಾಖಲೆ, ಚಾಟು, ಕೆಸರಿನಲ್ಲಿ ಹೂತ ಚಕ್ರದ ಫೋಟೋ ಸಮೇತ. ಅವನು ನನ್ನನ್ನ ಬ್ಲಾಕ್ ಮಾಡಿದ್ದಾನೆ. ಜಾಹೀರಾತು ಈಗ ಬೇರೆ ಹೆಸರಿನಲ್ಲಿ ಬರ್ತಿದೆ, ವ್ಯಾನಿನ ಫೋಟೋ ಮಾತ್ರ ಅದೇ, ನಂಬರ್ ಪ್ಲೇಟಿನ ಮೇಲೆ ಒಂದು ಹೂವಿನ ಸ್ಟಿಕ್ಕರ್ ಅಂಟಿಸಿದ್ದಾರೆ.