ಗಾಡಿಗೆ ಎರಡನೇ ಬ್ಯಾಟರಿ ಹಾಕಿಸೋರೇ, ಚಾರ್ಜರ್ ಡಬ್ಬಿ ಬಿಚ್ಚಿಸಿ ನೋಡಿ ಆಮೇಲೆ ದುಡ್ಡು ಕೊಡಿ

ಥಾರ್‌ಗೋ ಜಿಮ್ನಿಗೋ ಕ್ಯಾಂಪಿಂಗ್‌ಗೆ ಅಂತ ಎರಡನೇ ಬ್ಯಾಟರಿ ಹಾಕಿಸೋ ಯೋಚನೆ ಇದ್ದರೆ ಅಡ್ವಾನ್ಸ್ ಕೊಡೋ ಮುಂಚೆ ಇದನ್ನ ಓದಿ. ಬೆಂಗಳೂರಿನ ಒಂದು ಆಕ್ಸೆಸರಿ ಅಂಗಡಿಯ ಕೆಲಸ ಇದು. ಬಿಲ್ 46,000 ರೂಪಾಯಿ.

ಬಿಲ್‌ನಲ್ಲಿ ಬರೆದದ್ದು: 100 ಎಎಚ್ (ಆಂಪಿಯರ್-ಅವರ್) ಎಜಿಎಂ ಬ್ಯಾಟರಿ (ಸೀಲ್ ಮಾಡಿದ ಲೆಡ್-ಆಸಿಡ್ ಬಗೆ), 25 ಆಂಪಿಯರ್ ಡಿಸಿ-ಡಿಸಿ ಚಾರ್ಜರ್ (ಇಂಜಿನ್ ಕಡೆಯ ವೋಲ್ಟೇಜ್ ಏರಿಳಿದರೂ ಎರಡನೇ ಬ್ಯಾಟರಿಗೆ ಬೇಕಾದ ವೋಲ್ಟೇಜ್ ಮಾಡಿ ಕೊಡೋ ಡಬ್ಬಿ), 25 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್. ಬ್ಯಾಟರಿ ಸರಿಯಾಗಿದೆ. ಉಳಿದ ಎರಡೂ ಮೋಸ.

ಸಕಲೇಶಪುರದವರೆಗೆ ಹೈವೇಲಿ ಓಡಿದರೂ, ಇಂಜಿನ್ ಚಾಲೂ ಇರುವಾಗಲೇ, ಗಾಡಿಯ ಹಿಂಭಾಗದಲ್ಲಿ ಹಾಕಿದ ಎರಡನೇ ಬ್ಯಾಟರಿ ಟರ್ಮಿನಲ್‌ನಲ್ಲಿ 12.2 ವೋಲ್ಟ್! ನಿಜವಾದ ಚಾರ್ಜರ್ ಇದ್ದಿದ್ದರೆ ಅಲ್ಲಿ ಕನಿಷ್ಠ 13ರ ಮೇಲೆ ತೋರಿಸಬೇಕು. ಅಂಗಡಿಗೆ ಫೋನ್ ಮಾಡಿದರೆ, "ಸರ್, ನಿಮ್ಮ ಫ್ರಿಜ್ ಜಾಸ್ತಿ ಎಳೀತಿದೆ." ಕಂಪ್ರೆಸರ್ ಓಡುವಾಗ ಆ ಕ್ಯಾಂಪಿಂಗ್ ಫ್ರಿಜ್ ಎಳೆಯೋದು ನಾಲ್ಕು ಆಂಪಿಯರ್, ಚಾರ್ಜರ್ ಕೊಡಬೇಕಾದ್ದು 25. ಮತ್ತೆ ಕೇಳಿದರೆ, "ಹೊಸ ಬ್ಯಾಟರಿ ಅಲ್ವಾ ಸರ್, ಸೆಟ್ ಆಗ್ಬೇಕು." ಏನ್ರೀ ಸೆಟ್ ಆಗೋದು?

ಕೊನೆಗೆ ಆ 'ಚಾರ್ಜರ್' ಬಿಚ್ಚಿದ್ದಾಯ್ತು. ನಾಲ್ಕು ಸ್ಕ್ರೂ. ಒಳಗೆ ಒಂದು ರಿಲೇ (ವೋಲ್ಟೇಜ್ ನೋಡಿ ತಾನೇ ಆನ್-ಆಫ್ ಆಗೋ ಸ್ವಿಚ್), ಬೆರಳುದ್ದದ ಬೋರ್ಡು, ಒಂದು ಹಸಿರು ಎಲ್‌ಇಡಿ. ಮಿಕ್ಕಿದ್ದೆಲ್ಲ ಖಾಲಿ. ಮೇಲೆ ಮಾತ್ರ ದೊಡ್ಡದಾಗಿ ಸ್ಮಾರ್ಟ್ ಚಾರ್ಜರ್ ಅಂತ ಸ್ಟಿಕ್ಕರ್! ಅಸಲಿ ಡಿಸಿ-ಡಿಸಿ ಚಾರ್ಜರ್‌ನಲ್ಲಿ ತಾಮ್ರದ ಕಾಯಿಲ್, ದಪ್ಪ ಕೆಪಾಸಿಟರ್, ಹೀಟ್‌ಸಿಂಕ್ ಇರುತ್ತೆ. ತೂಕ ಇರುತ್ತೆ, ಓಡುವಾಗ ಕೈಗೆ ಬಿಸಿ ಗೊತ್ತಾಗುತ್ತೆ. ಇದು ತಣ್ಣಗೆ ಕೂತಿತ್ತು.

ರಿಲೇ ಹಾಕೋದೇ ತಪ್ಪು ಅಂತಲ್ಲ. ಸಾಮಾನ್ಯವಾಗಿ 13.3 ವೋಲ್ಟ್‌ಗೆ ಎರಡು ಬ್ಯಾಟರಿ ಸೇರಿಸುತ್ತೆ, 12.8ಕ್ಕೆ ಬಿಡಿಸುತ್ತೆ. ಸದಾ 14 ವೋಲ್ಟ್ ಕೊಡೋ ಹಳೇ ಗಾಡಿಗೆ ಅದೇ ಸಾಕು. ಆದರೆ ಸ್ಮಾರ್ಟ್ ಆಲ್ಟರ್ನೇಟರ್ (ಬೇಕಾದಷ್ಟೇ ಕರೆಂಟ್ ಮಾಡೋ ಇಂಜಿನ್ ಜನರೇಟರ್) ಇರೋ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಯಲ್ಲಿ ಮುಂದಿನ ಬ್ಯಾಟರಿ ತುಂಬಿದ ಕೂಡಲೇ ಇಂಧನ ಉಳಿಸೋಕೆ ವೋಲ್ಟೇಜ್ ಇಳಿದುಬಿಡುತ್ತೆ. ರಿಲೇ ಬಿಟ್ಟುಕೊಳ್ಳುತ್ತೆ. ಹಿಂದಿನದು ಉಪವಾಸ. ರಿಲೇಗೆ ರಿಲೇ ರೇಟು ತಗೊಳ್ಳಿ, ಚಾರ್ಜರ್ ರೇಟು ಯಾಕೆ?

ಇದನ್ನೇ ಕೇಳಿದ್ದಕ್ಕೆ ಬಂದ ಉತ್ತರ: "ಸ್ಟಿಕ್ಕರ್ ನಮ್ಮದಲ್ಲ ಸರ್, ಸಪ್ಲೈಯರ್ ಹಾಕಿದ್ದು."

ಕೇಬಲ್‌ನ ಒಂದು ಎಳೆ ಬ್ಲೇಡಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. "ಎಲ್ಲರೂ ಇದೇ ಹಾಕೋದು ಸರ್, ನೀವೇ ಮೊದಲು ಕೇಳ್ತಿರೋದು." ಕೇಬಲ್ ಒಪ್ಪಿಕೊಳ್ಳೋ ಮುಂಚೆ ಅಂಗಡಿಯಲ್ಲೇ ಕೆರೆದು ನೋಡಿ, ನಾಚಿಕೊಳ್ಳಬೇಡಿ. ಮುಂದಿನಿಂದ ಹಿಂದಕ್ಕೆ ಐದು ಮೀಟರ್, 25 ಆಂಪಿಯರ್‌ಗೆ 16 ಸ್ಕ್ವೇರ್ ಎಂಎಂ ಅಸಲಿ ತಾಮ್ರ ಸಾಕು. ಚಾರ್ಜರ್ ಹಿಂದಿನ ಬ್ಯಾಟರಿ ಹತ್ತಿರ ಇರಲಿ, ಸ್ಮಾರ್ಟ್ ಆಲ್ಟರ್ನೇಟರ್ ಆದರೆ ಇಗ್ನಿಷನ್ ವೈರ್ (ಕೀ ಆನ್ ಆದಾಗ ಚಾರ್ಜರ್ ಚಾಲೂ ಮಾಡೋದು) ಕೊಡಿಸಲೇಬೇಕು. ಮುಂದಿನ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೇಲೆ ಕರೆಂಟ್ ಅಳೆಯೋ ಸೆನ್ಸರ್ ಇದ್ದರೆ ಹೊಸ ಅರ್ಥ್ ವೈರನ್ನು ಆ ಟರ್ಮಿನಲ್‌ಗೆ ಬಿಗಿಯಬಾರದು, ಛಾಸಿಗೆ ಬಿಗಿಯಬೇಕು. ಇಲ್ಲದಿದ್ದರೆ ಸೆನ್ಸರ್ ಲೆಕ್ಕವೇ ತಪ್ಪುತ್ತೆ. ಇವರು ಟರ್ಮಿನಲ್‌ಗೇ ಬಿಗಿದಿದ್ದರು.

ಹೊಟ್ಟೆ ಉರಿಯೋದು ಫ್ಯೂಸ್ ವಿಷಯಕ್ಕೆ. ಮುಂದೆ ಒಂದೇ ಫ್ಯೂಸ್, ಹಿಂದೆ ಇಲ್ಲವೇ ಇಲ್ಲ. ಹಿಂದಿರೋದೂ ಬ್ಯಾಟರಿನೇ ಅಲ್ವೇನ್ರೀ? ಆಫ್‌ರೋಡ್ ಕುಲುಕಾಟಕ್ಕೆ ಕೇಬಲ್ ಸಿಪ್ಪೆ ಸವೆದು ಬಾಡಿಗೆ ತಾಗಿದರೆ ಮುಂದಿನ ಫ್ಯೂಸ್ ಹೋದರೂ ಹಿಂದಿನಿಂದ ಬೆಂಕಿ ಹತ್ತಬಹುದು.

ಈಗಾಗಲೇ ಹಾಕಿಸಿಕೊಂಡಿದ್ದರೆ ಇವತ್ತೇ ಹಿಂದಿನ ಪಾಸಿಟಿವ್ ಟರ್ಮಿನಲ್ ನೋಡಿ. ಒಂದು ಗೇಣಿನೊಳಗೆ ಫ್ಯೂಸ್ (25 ಆಂಪಿಯರ್ ಚಾರ್ಜರ್‌ಗೆ 40 ಆಂಪಿಯರ್‌ದು) ಕಾಣದಿದ್ದರೆ ಮೊದಲು ಮುಂದಿನ ಫ್ಯೂಸ್ ಕಿತ್ತಿಡಿ, ಆಮೇಲೆ ಹಿಂದಿನ ನೆಗೆಟಿವ್ ಬಿಚ್ಚಿ. ಅಂಗಡಿಯವರ ಜೊತೆ ಜಗಳ ನಾಳೆ ಆಡಿ.